ನಲವತ್ತು ಜನ ಕಾಯಬೇಕಾದ ಆಟ

ನಮ್ಮ ಪತ್ರಿಕೆಗಳಲ್ಲಿ ‘ಆನ್‌ಲೈನ್ ಗೇಮ್’ ಎಂಬ ಮಾತು ಕಂಡರೆ ಅದು ರಮ್ಮಿಯಲ್ಲಿ ಹಣ ಕಳೆದುಕೊಂಡವರ ಸುದ್ದಿಯಾಗಿರುತ್ತದೆ, ಇಲ್ಲವೇ ಪಬ್‌ಜಿ ಗೀಳಿನ ಸುದ್ದಿಯಾಗಿರುತ್ತದೆ. ಹಣ ಕಟ್ಟಿ ಆಡುವ ಆಟಗಳ ದಾರಿಯೇ ಬೇರೆ. ಅರ್ಧ ಗಂಟೆಯಲ್ಲಿ ಗುಂಡು ಹಾರಿಸಿ ಮುಗಿಸುವ ಆಟಗಳದೂ ಬೇರೆ. ನಾನು ಬರೆಯಹೊರಟಿರುವುದು ಮೂರನೆಯ ಬಗೆಯ ಆಟದ ಬಗ್ಗೆ. ಇಲ್ಲಿ ನೀವೊಂದು ಪಾತ್ರ ಕಟ್ಟಿಕೊಳ್ಳುತ್ತೀರಿ, ಅದಕ್ಕೊಂದು ಹೆಸರಿಡುತ್ತೀರಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅದನ್ನು ಬೆಳೆಸುತ್ತೀರಿ. ಅದೇ ಲೋಕದಲ್ಲಿ ಅದೇ ಹೊತ್ತಿಗೆ ಸಾವಿರಾರು ಜನ ತಮ್ಮ ತಮ್ಮ ಪಾತ್ರಗಳನ್ನು ನಡೆಸುತ್ತಿರುತ್ತಾರೆ. ನೀವು ಕಂಪ್ಯೂಟರ್ ಆರಿಸಿ ಮಲಗಿದರೂ ಆ ಲೋಕ ಮಲಗುವುದಿಲ್ಲ. ಆಡುವವರ ಬಾಯಲ್ಲಿ ಇದು ‘ಎಂಎಂಒ’.

ಇದರ ಬೇರು 1978ರಲ್ಲಿದೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ‘ಮಡ್’ ಎಂಬ ಆಟ ಬರೆಯಲು ತೊಡಗಿದರು, ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದರು. ಅದರಲ್ಲಿ ಚಿತ್ರವೇ ಇರಲಿಲ್ಲ. ಕೋಣೆಯ ವರ್ಣನೆ ಅಕ್ಷರದಲ್ಲಿ ಬರುತ್ತಿತ್ತು, ಆಟಗಾರ ಏನು ಮಾಡಬೇಕೆಂಬುದನ್ನು ಟೈಪ್ ಮಾಡುತ್ತಿದ್ದ. ಆದರೂ ಅದೇ ಕೋಣೆಯಲ್ಲಿ ಇನ್ನೊಬ್ಬ ಮನುಷ್ಯನಿದ್ದಾನೆ ಎಂಬ ರೋಮಾಂಚನ ಆಗಲೇ ಇತ್ತು. 1997ರಲ್ಲಿ ಅಲ್ಟಿಮಾ ಆನ್‌ಲೈನ್, 1999ರಲ್ಲಿ ಎವರ್‌ಕ್ವೆಸ್ಟ್, 2004ರ ನವೆಂಬರ್‌ನಲ್ಲಿ ಬ್ಲಿಜಾರ್ಡ್ ಕಂಪನಿಯ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂದವು. ಈ ಕೊನೆಯದಕ್ಕೆ 2010ರ ಅಕ್ಟೋಬರ್ ಹೊತ್ತಿಗೆ 1.2 ಕೋಟಿ ಚಂದಾದಾರರಿದ್ದರು. ಅಮೆರಿಕದಲ್ಲಿ ಅದರ ಚಂದಾ ತಿಂಗಳಿಗೆ ಸುಮಾರು 15 ಡಾಲರ್. ಮುಂದಿನ ಮಾತುಗಳಿಗೆ ಹೆಚ್ಚಾಗಿ ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಆಟದ ಒಳಗೆ ಹೋಗೋಣ. ಇಂಥ ಆಟಗಳಲ್ಲಿ ಹೆಚ್ಚಿನವು ಮೂರು ಕರ್ತವ್ಯಗಳ ಮೇಲೆ ನಿಂತಿವೆ. ಶತ್ರುವಿನ ಸಿಟ್ಟನ್ನೆಲ್ಲ ತನ್ನ ಮೇಲೆ ಎಳೆದುಕೊಂಡು ಏಟು ತಿನ್ನುವವನು ಟ್ಯಾಂಕ್. ಅವನ ಜೀವ ಉಳಿಸುವವನು ಹೀಲರ್. ಉಳಿದವರು ಹೊಡೆಯುವವರು, ಅವರಿಗೆ ಡಿಪಿಎಸ್ ಎನ್ನುತ್ತಾರೆ. ಶತ್ರುವಿನ ಗಮನ ಯಾರ ಮೇಲಿದೆ ಎಂಬ ಲೆಕ್ಕವನ್ನು ಆಟ ಒಳಗೊಳಗೇ ಇಟ್ಟಿರುತ್ತದೆ. ಆಟಗಾರರು ಅದನ್ನು ‘ಅಗ್ರೋ’ ಎಂದು ಕರೆಯುತ್ತಾರೆ. ಹೊಡೆಯುವವನು ಆತುರಪಟ್ಟು ಜಾಸ್ತಿ ಹೊಡೆದರೆ ಶತ್ರು ಟ್ಯಾಂಕನ್ನು ಬಿಟ್ಟು ಅವನ ಕಡೆ ತಿರುಗುತ್ತದೆ, ಅವನು ಎರಡೇ ಏಟಿಗೆ ಸಾಯುತ್ತಾನೆ. ಹೀಲರ್ ಬೇಗ ಬೇಗ ಮದ್ದು ಸುರಿದರೆ ಅವನ ಮಾಂತ್ರಿಕ ಶಕ್ತಿ ನಡುವೆಯೇ ಖಾಲಿಯಾಗುತ್ತದೆ. ಒಬ್ಬನ ಸಂಯಮದ ಮೇಲೆ ಇನ್ನೊಬ್ಬನ ಜೀವ ನಿಂತಿರುತ್ತದೆ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಮೊದಲ ವರ್ಷಗಳಲ್ಲಿ ದೊಡ್ಡ ದಾಳಿ, ಅಂದರೆ ರೇಡ್, ನಡೆಸಲು ನಲವತ್ತು ಜನ ಬೇಕಿತ್ತು. ನಲವತ್ತು ಜನರನ್ನು ಒಂದು ಹೊತ್ತಿಗೆ ಒಂದೆಡೆ ಸೇರಿಸುವುದು ಎಂಥ ಕೆಲಸ ಎಂಬುದು ಊರಿನ ಮದುವೆಗೆ ದಿಬ್ಬಣ ಹೊರಡಿಸಿದವರಿಗೆ ಗೊತ್ತು. ಎಂಟು ಗಂಟೆಗೆ ಎಂದು ಹೇಳಿರುತ್ತಾರೆ. ಎಂಟಕ್ಕೆ ಮೂವತ್ತೊಂದು ಜನ ಇರುತ್ತಾರೆ. ಒಬ್ಬನ ಇಂಟರ್ನೆಟ್ ಕೈಕೊಟ್ಟಿರುತ್ತದೆ, ಒಬ್ಬಳ ಮಗು ಎದ್ದಿರುತ್ತದೆ, ಇನ್ನೊಬ್ಬ ಗುಹೆಯ ಬಾಗಿಲಿಗೆ ಬಂದ ಮೇಲೆ ಔಷಧಿ ಕೊಂಡಿಲ್ಲವೆಂದು ಪಟ್ಟಣಕ್ಕೆ ಹಿಂತಿರುಗುತ್ತಾನೆ. ಒಂಬತ್ತಾಗುತ್ತದೆ. ಕೊನೆಗೆ ಯುದ್ಧ ಶುರುವಾದರೆ ಎಲ್ಲೋ ಒಬ್ಬ ತಪ್ಪು ಕಡೆ ಓಡಿ ಬೆಂಕಿಯನ್ನು ಗುಂಪಿನ ನಡುವೆ ತರುತ್ತಾನೆ, ನಲವತ್ತೂ ಹೆಣಗಳು ನೆಲದ ಮೇಲೆ. ಇದಕ್ಕೆ ‘ವೈಪ್’ ಎನ್ನುತ್ತಾರೆ. ಮತ್ತೆ ಓಡಿ ಬರಬೇಕು, ಮತ್ತೆ ಸಜ್ಜಾಗಬೇಕು. ಒಂದು ರಾತ್ರಿಯಲ್ಲಿ ಹತ್ತು ಸಲ ಹೀಗಾಗುವುದು ಹೊಸ ಬಾಸ್, ಅಂದರೆ ಗುಹೆಯ ದೊಡ್ಡ ಶತ್ರು, ಎದುರಾದಾಗ ಸಾಮಾನ್ಯ ಸಂಗತಿ.

ಇಷ್ಟು ಕಷ್ಟಪಟ್ಟು ಏಕೆ ಆಡುತ್ತಾರೆ? ವಾರಗಟ್ಟಲೆ ಸೋಲಿಸಿದ ಆ ಬಾಸ್ ಒಂದು ರಾತ್ರಿ ಬೀಳುತ್ತದೆ. ಕೊನೆಯ ಕ್ಷಣದಲ್ಲಿ ಟ್ಯಾಂಕ್ ಸತ್ತು, ಹೀಲರ್‌ಗಳಲ್ಲಿ ಶಕ್ತಿ ಮುಗಿದು, ಉಳಿದ ಆರೇಳು ಜನ ಹೇಗೋ ಮುಗಿಸಿಬಿಡುತ್ತಾರೆ. ಹೆಡ್‌ಫೋನಿನಲ್ಲಿ ಒಮ್ಮೆಲೇ ಹಲವು ದೇಶಗಳ ಜನ ಕೂಗುತ್ತಾರೆ. ಮುಖ ನೋಡಿರದ, ನಿಜ ಹೆಸರು ಗೊತ್ತಿಲ್ಲದ ಜನ. ಆ ಕೂಗಿನಲ್ಲಿ ನನ್ನ ಧ್ವನಿಯೂ ಇದ್ದ ರಾತ್ರಿಗಳಿವೆ. ಒಬ್ಬನೇ ಕೂತು ಎಷ್ಟು ಕಷ್ಟದ ಆಟ ಗೆದ್ದರೂ ಆ ಸಂತೋಷ ನನಗೆ ಸಿಕ್ಕಿಲ್ಲ. ನಾನು ಮಾಡಿದ್ದು ಚಿಕ್ಕ ಕೆಲಸ, ಆದರೆ ಅದಿಲ್ಲದಿದ್ದರೆ ಇದು ಆಗುತ್ತಿರಲಿಲ್ಲ ಎಂದು ತಿಳಿಯುವುದರ ತೃಪ್ತಿ ಅದು. ಕಚೇರಿಯ ಕೆಲಸದಲ್ಲಿ ಇಷ್ಟು ಸ್ಪಷ್ಟವಾಗಿ ಅದು ಎಷ್ಟು ಜನರಿಗೆ ಸಿಗುತ್ತದೆ?

ಕೂಗು ಅಡಗಿದ ಮರುನಿಮಿಷವೇ ತಕರಾರು. ನಲವತ್ತು ಜನ ಸೇರಿ ಕೊಂದ ಬಾಸ್ ಕೊಡುವುದು ಎರಡೋ ಮೂರೋ ವಸ್ತು. ಒಂದು ಖಡ್ಗ, ಐದು ಜನಕ್ಕೆ ಬೇಕು. ಸರತಿಯಿಲ್ಲದೆ ಎತ್ತಿಕೊಂಡು ಓಡಿದವನಿಗೆ ‘ನಿಂಜಾ’ ಎಂಬ ಬೈಗುಳ, ಅದು ಆ ಸರ್ವರ್‌ನಲ್ಲಿ, ಅಂದರೆ ಆ ಲೋಕದ ಆ ಒಂದು ಪ್ರತಿಯಲ್ಲಿ, ಅವನನ್ನು ವರ್ಷಗಟ್ಟಲೆ ಹಿಂಬಾಲಿಸುತ್ತದೆ. ಹಂಚಿಕೆಯ ಈ ಸಮಸ್ಯೆಗೆ ಪರಿಹಾರ ಹುಡುಕಿದ್ದು ಆಟ ಮಾಡಿದ ಕಂಪನಿಯಲ್ಲ, ಆಡಿದವರೇ. ಎವರ್‌ಕ್ವೆಸ್ಟ್ ಕಾಲದಲ್ಲಿ ‘ಡ್ರ್ಯಾಗನ್ ಕಿಲ್ ಪಾಯಿಂಟ್ಸ್’ ಎಂಬ ಪದ್ಧತಿ ಹುಟ್ಟಿತು. ದಾಳಿಗೆ ಬಂದವರಿಗೆಲ್ಲ ಅಂಕ, ಆ ಅಂಕ ಖರ್ಚು ಮಾಡಿ ವಸ್ತು ಕೊಳ್ಳುವುದು. ಸಂಜೆ ಕೆಲಸ ಮುಗಿಸಿ ಬಂದ ಜನ ತಮ್ಮ ತಮ್ಮಲ್ಲೇ ಒಂದು ನಾಣ್ಯವನ್ನು, ಲೆಕ್ಕದ ಪುಸ್ತಕವನ್ನು, ಅದನ್ನು ನೋಡಿಕೊಳ್ಳುವ ಅಧಿಕಾರಿಯನ್ನು ಹುಟ್ಟಿಸಿಕೊಂಡರು. ಹಾಗಿದ್ದೂ ವಸ್ತು ಹಂಚಿಕೆಯ ಜಗಳದಿಂದ ಎಷ್ಟೋ ಗಿಲ್ಡ್‌ಗಳು, ಅಂದರೆ ಜೊತೆಯಾಗಿ ಆಡುವ ಬಳಗಗಳು, ಒಡೆದಿವೆ. ನಾಯಕನ ಗೆಳತಿಗೆ ಮೊದಲು ಸಿಕ್ಕಿತು ಎಂಬ ಗುಸುಗುಸು ಸಾಕು, ಎರಡು ವರ್ಷದ ಬಳಗ ಒಂದು ವಾರದಲ್ಲಿ ಚದುರುತ್ತದೆ.

ಈ ಆಟಗಳ ಸುಖ ಮತ್ತು ಸಂಕಟ ಎರಡೂ ಒಂದೇ ಮೂಲದಿಂದ ಬರುತ್ತವೆ ಎಂದು ನಾನು ನಂಬುವುದು ಈ ಕಾರಣಕ್ಕೆ. ನನಗೆ ಇನ್ನೊಬ್ಬರು ಬೇಕು ಎಂಬ ಅನಿವಾರ್ಯತೆಯೇ ಆ ಮೂಲ. ಎವರ್‌ಕ್ವೆಸ್ಟ್‌ನಲ್ಲಿ ಅದು ಅತ್ಯಂತ ಕಠಿಣವಾಗಿತ್ತು. ಅಲ್ಲಿ ಸತ್ತರೆ ನಿಮ್ಮ ಆಯುಧ, ಕವಚ ಎಲ್ಲ ಹೆಣದ ಮೇಲೇ ಉಳಿಯುತ್ತಿತ್ತು. ಬರಿಗೈಯಲ್ಲಿ ಮತ್ತೆ ಅಲ್ಲಿಯವರೆಗೆ ನಡೆದು, ನಿಮ್ಮನ್ನು ಕೊಂದ ಅದೇ ಪ್ರಾಣಿಗಳ ಕಣ್ಣು ತಪ್ಪಿಸಿ ತೆಗೆದುಕೊಳ್ಳಬೇಕು. ಗಳಿಸಿದ ಅನುಭವದ ಅಂಕವೂ ಕರಗುತ್ತಿತ್ತು. ಪಾದ್ರಿ ವರ್ಗದ ಆಟಗಾರನೊಬ್ಬ ಬಂದು ಬದುಕಿಸಿದರೆ ಅದರಲ್ಲಿ ಬಹುಪಾಲು ವಾಪಸ್. ಹಾಗಾಗಿ ನಡುರಾತ್ರಿಯಲ್ಲಿ ಅಪರಿಚಿತನೊಬ್ಬನಿಗೆ ‘ದಯವಿಟ್ಟು ಬರುತ್ತೀರಾ’ ಎಂದು ಕೇಳುವುದು, ಅವನು ಅರ್ಧ ಗಂಟೆ ನಡೆದು ಬರುವುದು, ಎರಡೂ ದಿನನಿತ್ಯದ ಮಾತು. ಆ ಆಟವನ್ನು ಶಪಿಸಿದವರೇ ಅದರಲ್ಲಿ ಸಿಕ್ಕ ಸ್ನೇಹಿತರನ್ನು ಇಂದಿಗೂ ನೆನೆಯುತ್ತಾರೆ.

ಕಾಯುವಿಕೆಯೇ ರೋಗ ಎಂದು ಬ್ಲಿಜಾರ್ಡ್ ತೀರ್ಮಾನಿಸಿದಂತೆ ಕಾಣುತ್ತದೆ. ನಲವತ್ತು ಜನರ ದಾಳಿ 2007ರಲ್ಲಿ ಇಪ್ಪತ್ತೈದಕ್ಕೆ ಇಳಿಯಿತು. 2009ರ ಡಿಸೆಂಬರ್‌ನಲ್ಲಿ ‘ಡಂಜನ್ ಫೈಂಡರ್’ ಬಂತು. ಒಂದು ಗುಂಡಿ ಒತ್ತಿದರೆ ಬೇರೆ ಬೇರೆ ಸರ್ವರ್‌ಗಳಿಂದ ಐದು ಜನರನ್ನು ಆಟವೇ ಜೋಡಿಸಿ ಗುಹೆಯೊಳಗೆ ಇಳಿಸುತ್ತದೆ. ಅಲ್ಲಿಯವರೆಗೆ ಗುಂಪು ಕಟ್ಟಲು ಪಟ್ಟಣದ ಚೌಕದಲ್ಲಿ ನಿಂತು ಒಂದು ಗಂಟೆ ಕೂಗುತ್ತಿದ್ದವರಿಗೆ ಇದು ದೊಡ್ಡ ಬಿಡುಗಡೆ. ಮಕ್ಕಳಿರುವ, ಕೆಲಸವಿರುವ ಜನರಿಗೆ ಆಟವನ್ನು ಮತ್ತೆ ತೆರೆದುಕೊಟ್ಟ ಉಪಕಾರ ಅದು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಏನು ಹೋಯಿತೆಂಬುದೂ ಬೇಗ ಕಂಡಿತು. ಹಿಂದೆ ಒಂದು ಸರ್ವರ್ ಎಂದರೆ ಒಂದು ಊರು. ಒಳ್ಳೆಯ ಟ್ಯಾಂಕ್ ಯಾರು, ನಡುವೆ ಕೈಬಿಟ್ಟು ಹೋಗುವವನು ಯಾರು ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು, ಹೆಸರು ಕೆಡಿಸಿಕೊಂಡರೆ ಗುಂಪು ಸಿಗುತ್ತಿರಲಿಲ್ಲ. ಈಗ ಜೊತೆಗೆ ಬಂದ ನಾಲ್ವರನ್ನು ಮತ್ತೆಂದೂ ನೋಡುವುದಿಲ್ಲ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಒಂದು ಮಾತೂ ಆಡದೆ. ಹೊಸಬನೊಬ್ಬ ದಾರಿ ತಪ್ಪಿದರೆ ಯಾರೂ ಹೇಳಿಕೊಡುವುದಿಲ್ಲ, ಮತ ಹಾಕಿ ಹೊರಗೆ ಕಳಿಸುತ್ತಾರೆ. ಬಾರ್ಟಲ್ 1996ರ ಒಂದು ಲೇಖನದಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದರು: ಸಾಧಿಸುವವರು, ಲೋಕ ಸುತ್ತಿ ನೋಡುವವರು, ಬೆರೆಯಲು ಬಂದವರು, ಇತರರನ್ನು ಕಾಡಲು ಬಂದವರು. ಗುಂಡಿ ಒತ್ತಿ ಜೋಡಿಸಿದ ಗುಂಪಿನಲ್ಲಿ ಈ ಬಗೆಗಳಿಗೆ ಪರಸ್ಪರ ಹೊಂದಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಗೋಡೆಯ ಕೆತ್ತನೆ ನೋಡುತ್ತ ನಿಂತವನು ಓಡುವವನಿಗೆ ಬರೀ ಅಡ್ಡಿ.

ಹಳೆಯ ಆಟಕ್ಕಾಗಿ ಹಂಬಲಿಸಿದವರ ಸಂಖ್ಯೆ ಚಿಕ್ಕದಲ್ಲ. ಹಳೆಯ ರೂಪವನ್ನು ಅನಧಿಕೃತವಾಗಿ ನಡೆಸುತ್ತಿದ್ದ ನಾಸ್ಟಾಲ್ರಿಯಸ್ ಎಂಬ ಸರ್ವರ್ 2016ರಲ್ಲಿ ಕಾನೂನಿನ ಒತ್ತಡದಿಂದ ಮುಚ್ಚಿದಾಗ ಎರಡು ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. 2019ರ ಆಗಸ್ಟ್‌ನಲ್ಲಿ ಬ್ಲಿಜಾರ್ಡ್ ತಾನೇ ‘ಕ್ಲಾಸಿಕ್’ ಹೆಸರಿನಲ್ಲಿ ಹಳೆಯ ಆಟವನ್ನು ಮರಳಿ ತಂದಿತು. ನಿಧಾನದ ನಡಿಗೆ, ಗುಂಪಿಗಾಗಿ ಕೂಗುವುದು, ನಲವತ್ತು ಜನ, ಎಲ್ಲವೂ ಮರಳಿತು. ಆದರೆ ರ‍್ಯಾಗ್ನರೋಸ್ ಎಂಬ ಬೆಂಕಿಯ ಬಾಸ್‌ನ ಕಥೆ ನೋಡಿ. 2004ರ ನವೆಂಬರ್‌ನಲ್ಲಿ ಆಟ ಬಿಡುಗಡೆಯಾದ ಮೇಲೆ ಅದು ಮೊದಲ ಸಲ ಸತ್ತದ್ದು 2005ರ ಏಪ್ರಿಲ್‌ನಲ್ಲಿ. ಕ್ಲಾಸಿಕ್‌ನಲ್ಲಿ ಒಂದು ಗಿಲ್ಡ್ ಅದನ್ನು ಮೊದಲ ವಾರದಲ್ಲೇ ಮುಗಿಸಿತು. ನಿಯಮಗಳು ಹಳೆಯವೇ. ಹದಿನೈದು ವರ್ಷದ ತಿಳಿವಳಿಕೆ ಮಾತ್ರ ಹೊಸತು. ಮೊದಲ ಸಲ ಆಡಿದವರನ್ನು ಬೆಸೆದದ್ದರಲ್ಲಿ ಯಾರಿಗೂ ಏನೂ ಗೊತ್ತಿಲ್ಲದಿರುವಿಕೆಗೂ ಪಾಲಿತ್ತು, ಅದನ್ನು ಕಂಪನಿ ಮರಳಿ ಕೊಡಲಾರದು.

ಇನ್ನೊಂದು ಜಾತಿಯ ಕಿರಿಕಿರಿಯಿದೆ, ಅದನ್ನು ನಾನು ಸಮರ್ಥಿಸಲಾರೆ. ಒಂದು ಬಾಸ್ ನೂರಕ್ಕೆ ಒಂದು ಸಲ ಅಪರೂಪದ ಕುದುರೆ ಕೊಡುತ್ತದೆ ಎಂದುಕೊಳ್ಳಿ. ನೂರು ಸಲ ಕೊಂದರೆ ಖಂಡಿತ ಸಿಗುತ್ತದೆ ಎಂದು ಮನಸ್ಸು ಹೇಳುತ್ತದೆ. ಗಣಿತ ಹಾಗೆ ಹೇಳುವುದಿಲ್ಲ. ಪ್ರತಿ ಸಲವೂ ಲಾಟರಿ ಹೊಸದಾಗಿ ಎತ್ತುವುದರಿಂದ, ನೂರು ಸಲ ಕೊಂದವರಲ್ಲಿ ನೂರಕ್ಕೆ ಸುಮಾರು 37 ಜನ ಬರಿಗೈಯಲ್ಲೇ ಇರುತ್ತಾರೆ. ಆ ಬಾಸನ್ನು ವಾರಕ್ಕೊಂದೇ ಸಲ ಕೊಲ್ಲಬಹುದು ಎಂಬ ನಿಯಮವಿದ್ದರೆ ನೂರು ಸಲ ಎಂದರೆ ಸುಮಾರು ಎರಡು ವರ್ಷ, ಎರಡು ವರ್ಷದ ಚಂದಾ. ಯಾವಾಗ ಕಾಳು ಬೀಳುತ್ತದೆಂದು ಗೊತ್ತಿಲ್ಲದ ಪಾರಿವಾಳ ಎಷ್ಟು ಹೊತ್ತು ಕುಕ್ಕುತ್ತಲೇ ಇರುತ್ತದೆಂಬುದನ್ನು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲೇ ತೋರಿಸಿದ್ದರು. ಇಂದು ಬಾರದಿದ್ದರೆ ಬಹುಮಾನ ತಪ್ಪುತ್ತದೆ ಎಂಬ ದಿನಗೆಲಸಗಳೂ ಅದೇ ದಾರಿಯವು. ಇವುಗಳಲ್ಲಿ ಇನ್ನೊಬ್ಬ ಮನುಷ್ಯ ಬೇಕಿಲ್ಲ, ಕಲಿಯುವುದೂ ಏನಿಲ್ಲ. ಕೂರಿಸಿಡುವುದಷ್ಟೇ ಉದ್ದೇಶ. ಸ್ನೇಹಿತರಿಗಾಗಿ ಕಾಯುವ ಒಂದು ಗಂಟೆಯನ್ನೂ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಈ ‘ಗ್ರೈಂಡ್’ನ ಒಂದು ಗಂಟೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಹೀಗೆ ದುಡಿದದ್ದಕ್ಕೆ ಬೆಲೆ ಬರದೆ ಇರುತ್ತದೆಯೇ? ಅರ್ಥಶಾಸ್ತ್ರಜ್ಞ ಎಡ್ವರ್ಡ್ ಕ್ಯಾಸ್ಟ್ರೊನೊವಾ 2001ರಲ್ಲಿ ಎವರ್‌ಕ್ವೆಸ್ಟ್‌ನ ನಾರತ್ ಎಂಬ ಲೋಕದ ವಸ್ತುಗಳು ಹರಾಜಿನಲ್ಲಿ ಮಾರಾಟವಾಗುತ್ತಿದ್ದ ಬೆಲೆ ಹಿಡಿದು ಲೆಕ್ಕ ಹಾಕಿದರು. ಆ ಇಲ್ಲದ ದೇಶದ ತಲಾ ಉತ್ಪನ್ನ ರಷ್ಯಾ ಮತ್ತು ಬಲ್ಗೇರಿಯಾಗಳ ನಡುವೆ ನಿಲ್ಲುತ್ತದೆ ಎಂದು ಅವರ ಲೆಕ್ಕ ಹೇಳಿತು. ಮುಂದೆ ಚೀನಾದಲ್ಲಿ ಸಂಬಳಕ್ಕೆ ಕೂತು ಆಟದ ಚಿನ್ನ ತೆಗೆಯುವ ಕೆಲಸಗಾರರ ಕೋಣೆಗಳೇ ಹುಟ್ಟಿದವು. ವೆನೆಜುವೆಲಾದ ಹಣ ಕುಸಿದಾಗ ಅಲ್ಲಿನ ಜನ ರೂನ್‌ಸ್ಕೇಪ್ ಎಂಬ ಆಟದಲ್ಲಿ ಚಿನ್ನ ಗಳಿಸಿ ಮಾರಿ ಅಕ್ಕಿಬೇಳೆ ಕೊಂಡರು. ಅವರ ಮೇಲೆ ಸಿಟ್ಟಾಗುವ ಶ್ರೀಮಂತ ದೇಶದ ಆಟಗಾರರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಬೇಜಾರಿನ ಕೆಲಸವನ್ನು ಆಟದಲ್ಲಿ ಇಟ್ಟವರು ಬೇರೆ, ಅದನ್ನು ಹೊಟ್ಟೆಪಾಡಿಗೆ ಮಾಡಿದವರು ಬೇರೆ.

ಕರ್ನಾಟಕದಲ್ಲಿ ಕೂತು ಆಡುವವರಿಗೆ ಇನ್ನೆರಡು ಸಂಕಟ ಜಾಸ್ತಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ಗಾಗಲಿ ಅಂಥದೇ ಇನ್ನೊಂದು ಆಟವಾದ ಫೈನಲ್ ಫ್ಯಾಂಟಸಿ 14ಕ್ಕಾಗಲಿ ಭಾರತದಲ್ಲಿ ಸರ್ವರ್ ಇಲ್ಲ. ಯುರೋಪಿನ ಸರ್ವರ್‌ಗೆ ಸೇರಿಕೊಂಡರೆ ಅಲ್ಲಿಯ ರಾತ್ರಿ ಎಂಟರ ರೇಡ್ ನಮ್ಮಲ್ಲಿ ಚಳಿಗಾಲದಲ್ಲಿ ಹನ್ನೆರಡೂವರೆಗೆ, ಬೇಸಿಗೆಯಲ್ಲಿ ಹನ್ನೊಂದೂವರೆಗೆ ಶುರು. ಎರಡನೆಯದು ಲ್ಯಾಗ್, ಅಂದರೆ ಸಂದೇಶ ತಡವಾಗಿ ತಲುಪುವುದು. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಪಶ್ಚಿಮ ಯುರೋಪಿಗೆ ಎಂಟು ಸಾವಿರ ಕಿಲೋಮೀಟರಿನಷ್ಟು ದೂರವೆಂದರೆ ಹೋಗಿ ಬರಲು ಕಡಿಮೆಯೆಂದರೂ 80 ಮಿಲಿಸೆಕೆಂಡ್ ಬೇಕು. ಕೇಬಲ್ ಸಮುದ್ರದಡಿ ಬಳಸಿ ಹೋಗುವುದರಿಂದ ಒಳ್ಳೆಯ ದಿನವೂ ಪಿಂಗ್, ಅಂದರೆ ಈ ಹೋಗಿಬರುವ ಹೊತ್ತು, ಅದರ ಎರಡರಷ್ಟಾಗುವುದುಂಟು. ಎಷ್ಟು ದುಡ್ಡು ಕೊಟ್ಟು ಎಷ್ಟು ಒಳ್ಳೆಯ ಸಂಪರ್ಕ ತಂದರೂ ಈ ದೂರ ಕರಗದು. ನೆಲದ ಮೇಲಿನ ಬೆಂಕಿ ನಮ್ಮ ಪರದೆಗೆ ಬರುವ ಹೊತ್ತಿಗೆ ಸರ್ವರ್ ಲೆಕ್ಕದಲ್ಲಿ ನಾವು ಸುಟ್ಟಿರುತ್ತೇವೆ. ಅದಕ್ಕೇ ನಮ್ಮ ಹುಡುಗರು ಹೀಲರ್ ಆಗಿ ಮೊದಲೇ ಅಂದಾಜು ಕಟ್ಟಿ ಮದ್ದು ಹಾಕುವುದನ್ನು, ಬೆಂಕಿ ಬರುವ ಮುನ್ನವೇ ಜಾಗ ಬದಲಿಸುವುದನ್ನು ಕಲಿಯುತ್ತಾರೆ. ನಡುವೆ ಕರೆಂಟ್ ಹೋದರೆ ಮಾತ್ರ ಏನೂ ಮಾಡುವಂತಿಲ್ಲ. ಆಚೆ ಕಡೆ ಉಳಿದವರಿಗೆ ಕಾಣುವುದು ಕೈಬಿಟ್ಟು ಹೋದ ಹೀಲರ್.

ಇದೆಲ್ಲ ವ್ಯರ್ಥ ಕಾಲಹರಣ ಎನ್ನುವವರಿಗೆ ನಾನು ನಾರ್ವೆಯ ಮ್ಯಾಟ್ಸ್ ಸ್ಟೀನ್ ಕಥೆ ಹೇಳುತ್ತೇನೆ. ಸ್ನಾಯುಗಳು ಒಂದೊಂದಾಗಿ ಸೋಲುವ ಡುಶೆನ್ ಎಂಬ ಆನುವಂಶಿಕ ಕಾಯಿಲೆಯಿದ್ದ ಆತ 2014ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡ. ಗಾಲಿಕುರ್ಚಿಯಲ್ಲಿ ಕೂತು ಹಗಲಿರುಳು ಆಡುತ್ತಿದ್ದ ಮಗ ಪ್ರೀತಿ, ಸ್ನೇಹ ಯಾವುದನ್ನೂ ಕಾಣದೆ ಹೋದನೆಂದು ತಂದೆತಾಯಿ ಕೊರಗುತ್ತಿದ್ದರು. ಸಾವಿನ ಸುದ್ದಿಯನ್ನು ಮಗ ಅಂತರ್ಜಾಲದಲ್ಲಿ ಬರೆಯುತ್ತಿದ್ದ ಜಾಗದಲ್ಲೇ ಹಾಕಿದಾಗ ಹಲವು ದೇಶಗಳಿಂದ ಸಂತಾಪದ ಪತ್ರಗಳು ಬರತೊಡಗಿದವು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಸ್ಟಾರ್‌ಲೈಟ್ ಎಂಬ ಗಿಲ್ಡ್‌ನಲ್ಲಿ ಅವನು ಐಬೆಲಿನ್ ಎಂಬ ಹೆಸರಿನ ಪಾತ್ರವಾಗಿದ್ದ. ಆ ಗಿಲ್ಡ್‌ನವರು ಬರೀ ಬಾಸ್ ಕೊಲ್ಲುವವರಾಗಿರಲಿಲ್ಲ. ಪಾತ್ರದ ಬಾಯಿಂದಲೇ ಮಾತಾಡುತ್ತ, ಆಗಿಂದಾಗಲೇ ಕಥೆ ಕಟ್ಟುತ್ತ ಆಡುವವರು. ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕೂತ ಅರ್ಥಧಾರಿ ಮಾತಿನಿಂದಲೇ ಕರ್ಣನಾಗುವುದನ್ನು ಕಂಡವರಿಗೆ ಈ ರೀತಿ ಅಪರಿಚಿತವಲ್ಲ. ನೆದರ್ಲೆಂಡ್ಸ್‌ನ ಗೆಳತಿಯೊಬ್ಬಳ ಕಂಪ್ಯೂಟರನ್ನು ಅವಳ ಮನೆಯವರು ಕಿತ್ತುಕೊಂಡಾಗ ಅವಳ ತಂದೆತಾಯಿಗೆ ಮ್ಯಾಟ್ಸ್ ಪತ್ರ ಬರೆದಿದ್ದ. ಆಟಿಸಂ ಇರುವ ಮಗನೊಂದಿಗೆ ಮಾತು ಕಡಿದುಹೋಗಿದ್ದ ಡೆನ್ಮಾರ್ಕ್‌ನ ತಾಯಿಯೊಬ್ಬಳಿಗೆ ಮಗನೊಂದಿಗೆ ಆಟದ ಒಳಗೇ ಬೆರೆಯುವಂತೆ ಸೂಚಿಸಿದ್ದ. ಗಿಲ್ಡ್‌ನ ಕೆಲವರು ಓಸ್ಲೋಗೆ ಬಂದು ಅಂತ್ಯಸಂಸ್ಕಾರದಲ್ಲಿ ನಿಂತರು. ನಿರ್ದೇಶಕ ಬೆಂಜಮಿನ್ ರೀ ಈ ಕಥೆಯನ್ನು ಸಾಕ್ಷ್ಯಚಿತ್ರ ಮಾಡಿದ್ದಾರೆ, ಅದು 2024ರಲ್ಲಿ ತೆರೆಕಂಡಿತು.

ಆ ಚಿತ್ರದಲ್ಲಿ ನನಗೆ ಮುಖ್ಯವಾಗಿ ಕಂಡ ಭಾಗ ಇನ್ನೊಂದಿದೆ. ಮ್ಯಾಟ್ಸ್ ತನ್ನ ಕಾಯಿಲೆಯನ್ನು ಗೆಳೆಯರಿಂದ ಬಹುಕಾಲ ಮುಚ್ಚಿಟ್ಟಿದ್ದ. ಆ ಒತ್ತಡದಲ್ಲಿ ಅವರೊಂದಿಗೆ ಜಗಳವಾಡಿದ, ಅವರ ಮನಸ್ಸು ನೋಯಿಸಿದ, ದೂರವಾದ, ಮತ್ತೆ ರಾಜಿಯಾದ. ಗಿಲ್ಡ್ ಅವನಿಗೆ ಸುಖದ ತಾಣವಷ್ಟೇ ಆಗಿದ್ದರೆ ಅದು ನಿಜವಾದ ಬಳಗ ಆಗುತ್ತಿರಲಿಲ್ಲ.

ಹಾನಿಯೂ ನಿಜ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ, 2022ರಿಂದ ಜಾರಿಗೆ ಬಂದ ರೋಗಗಳ ವರ್ಗೀಕರಣದಲ್ಲಿ ‘ಗೇಮಿಂಗ್ ಡಿಸಾರ್ಡರ್’ ಸೇರಿದೆ. ಎಷ್ಟು ಗಂಟೆ ಆಡಿದರು ಎಂಬುದು ಅದರ ಅಳತೆಯಲ್ಲ. ಆಟದ ಮೇಲೆ ಹಿಡಿತ ತಪ್ಪಿರುವುದು, ಉಳಿದೆಲ್ಲಕ್ಕಿಂತ ಅದೇ ಮೊದಲಾಗಿರುವುದು, ಕೇಡು ಕಂಡರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಇದ್ದು ಬದುಕನ್ನು ಕೆಡಿಸಿರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿ ‘ಶಟ್’ ಎಂಬ ಕ್ಲಿನಿಕ್ 2014ರಿಂದ ಇದೆ. ಮಗನೋ ಮಗಳೋ ಊಟ, ನಿದ್ದೆ, ಕಾಲೇಜು ಬಿಟ್ಟಿದ್ದರೆ ಅಲ್ಲಿಗೆ ಹೋಗಲು ಹಿಂಜರಿಯಬೇಡಿ. ಹಾಗಿಲ್ಲದಿದ್ದರೆ, ಈ ಆಟಗಳಿಗೆ ನಿಲ್ಲಿಸಿಡುವ ಗುಂಡಿ ಇಲ್ಲ ಎಂಬುದೊಂದನ್ನು ತಿಳಿದುಕೊಂಡಿರಿ. ‘ಊಟಕ್ಕೆ ಬಾರೋ’ ಎಂದು ಕರೆದಾಗ ‘ಹತ್ತು ನಿಮಿಷ ಅಮ್ಮ’ ಎನ್ನುವವನು ನಿಜಕ್ಕೂ ಯಾರದೋ ಜೀವ ಕಾಯುತ್ತಿರಬಹುದು. ರೇಡ್ ಎಷ್ಟು ಹೊತ್ತಿಗೆ, ಯಾವ ದಿನಗಳಂದು, ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಮೊದಲೇ ಕೇಳಿಟ್ಟುಕೊಂಡರೆ ಅರ್ಧ ಜಗಳ ತಪ್ಪುತ್ತದೆ. ಆ ಹೊತ್ತು ಮುಗಿದ ಮೇಲೂ ಅವನು ಏಳದಿದ್ದರೆ ಆಗ ಕೇಳಬೇಕಾದ ಪ್ರಶ್ನೆಯೂ ನಿಮ್ಮ ಕೈಯಲ್ಲಿರುತ್ತದೆ.

ಈ ಲೋಕಗಳ ಕೊನೆಯ ಸಂಕಟ, ಅವು ಆಡುವವರ ಸ್ವಂತದ್ದಲ್ಲ ಎಂಬುದು. ಬ್ಲಿಜಾರ್ಡ್ ಮತ್ತು ಚೀನಾದಲ್ಲಿ ಅದರ ಆಟಗಳನ್ನು ನಡೆಸುತ್ತಿದ್ದ ನೆಟ್‌ಈಸ್ ಕಂಪನಿಯ ನಡುವೆ ಒಪ್ಪಂದ ಮುರಿದಾಗ 2023ರ ಜನವರಿಯಲ್ಲಿ ಅಲ್ಲಿನ ಸರ್ವರ್‌ಗಳು ಆರಿದವು, ಮರಳಿ ಬೆಳಗಲು ಒಂದೂವರೆ ವರ್ಷ ಹಿಡಿಯಿತು. ಸಿಟಿ ಆಫ್ ಹೀರೋಸ್ ಎಂಬ ಸೂಪರ್‌ಹೀರೋಗಳ ಆಟವನ್ನು ಅದರ ಒಡೆಯ ಎನ್‌ಸಿಸಾಫ್ಟ್ 2012ರ ನವೆಂಬರ್‌ನಲ್ಲಿ ಮುಚ್ಚಿತು. ಎಂಟು ವರ್ಷ ಕಟ್ಟಿದ ಪಾತ್ರಗಳು ಅಳಿಸಿಹೋದವು. ಪ್ರತಿಭಟನೆ, ಮನವಿ ಯಾವುದಕ್ಕೂ ಕಂಪನಿ ಮಣಿಯಲಿಲ್ಲ. 2019ರಲ್ಲಿ ಆಟದ ಕೋಡ್ ಹೊರಬಂದಾಗ ಅಭಿಮಾನಿಗಳೇ ‘ಹೋಮ್‌ಕಮಿಂಗ್’ ಎಂಬ ಸರ್ವರ್ ಎಬ್ಬಿಸಿದರು. ಯಾವ ದಿನ ಕೇಸು ಬೀಳುತ್ತದೋ ಎಂಬ ಭಯದಲ್ಲೇ ವರ್ಷಗಳ ಕಾಲ ಅದನ್ನು ನಡೆಸಿದರು. 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ಅವರಿಗೆ ಅಧಿಕೃತ ಪರವಾನಗಿ ಕೊಟ್ಟಿತು. ಇಂದು ಅದನ್ನು ನಡೆಸುತ್ತಿರುವವರು ಸ್ವಯಂಸೇವಕರು, ಖರ್ಚು ನಡೆಯುವುದು ದೇಣಿಗೆಯಿಂದ, ಆಡಲು ಶುಲ್ಕವಿಲ್ಲ.